ಕರೋಲ್ ಬಾಗ್‌ನ ಹದ್ದುಗಳನ್ನು ಎಣಿಸುವವರು ಬೇಕು

ದೆಹಲಿಯ ಕರೋಲ್ ಬಾಗ್‌ಗೂ ಅದರ ಮಗ್ಗುಲಿನ ಓಲ್ಡ್ ರಾಜಿಂದರ್ ನಗರಕ್ಕೂ ಕರ್ನಾಟಕದಿಂದ ವರ್ಷವರ್ಷ ಯುಪಿಎಸ್‌ಸಿ ಓದಲು ಬರುವವರಲ್ಲಿ ಹೆಚ್ಚಿನವರ ಗುರಿ ಐಎಎಸ್, ಐಪಿಎಸ್. ಅವರ ನಡುವೆ ಸಣ್ಣದೊಂದು ಗುಂಪು ಬೇರೆ ಇದೆ. ಶಿರಸಿಯಲ್ಲೋ ಪೊನ್ನಂಪೇಟೆಯಲ್ಲೋ ಅರಣ್ಯಶಾಸ್ತ್ರ ಓದಿದವರು, ಧಾರವಾಡ, ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿದವರು, ಕೃಷಿ ಪದವೀಧರರು. ಇವರ ಕಣ್ಣು ಭಾರತೀಯ ಅರಣ್ಯ ಸೇವೆಯ ಮೇಲೆ. ಏಕೆಂದು ವಿಚಾರಿಸಿದರೆ ಸಂಬಳ, ಅಧಿಕಾರದ ಮಾತು ಆಮೇಲೆ ಬರುತ್ತದೆ. ಮೊದಲು ಬರುವುದು ಊರ ಕೆರೆಯ ಹಕ್ಕಿಗಳು, ತೇಜಸ್ವಿಯವರ ಪುಸ್ತಕಗಳು, ಕಾಲೇಜು ದಿನಗಳಲ್ಲಿ ಹೋಗಿಬಂದ ಹಕ್ಕಿ ಗಣತಿ. “ಹಕ್ಕಿಗಳ ಮೇಲೆ ಕೆಲಸ ಮಾಡಬೇಕು ಅಂತಿದೆ ಸರ್, ಅದಕ್ಕೇ ಫಾರೆಸ್ಟ್ ಸರ್ವಿಸ್ ಬರೀತಿದೀನಿ” ಅನ್ನುತ್ತಾರೆ. ಈ ಬರಹ ಅವರಿಗಾಗಿ. ಊರಲ್ಲಿದ್ದುಕೊಂಡು ತಿಂಗಳು ತಿಂಗಳು ಅವರ ಪಿ.ಜಿ. ಬಾಡಿಗೆ ಕಳಿಸುವ ಅಪ್ಪ ಅಮ್ಮಂದಿರೂ ಓದಲಿ ಎಂಬ ಆಸೆಯಿದೆ.

ಅರಣ್ಯ ಸೇವೆ ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಆಡಳಿತದ ಕೆಲಸ. 2013ರಿಂದ ಅದರ ಪ್ರಿಲಿಮ್ಸ್ ನಾಗರಿಕ ಸೇವೆಯ ಪರೀಕ್ಷೆಯ ಜತೆಗೇ ನಡೆಯುತ್ತದೆ, ಮೇನ್ಸ್ ಬೇರೆ. ಇಡೀ ದೇಶಕ್ಕೆ ಈಚಿನ ವರ್ಷಗಳಲ್ಲಿ 150ರ ಆಸುಪಾಸು ಹುದ್ದೆ. ಗೆದ್ದವರು ಡೆಹ್ರಾಡೂನ್‌ನಲ್ಲಿ ತರಬೇತಿ ಮುಗಿಸಿ ವಿಭಾಗವೊಂದರ ಹೊಣೆ ಹೊತ್ತ ಮೇಲೆ ಅವರ ದಿನವನ್ನು ತುಂಬುವುದು ಕಾಳ್ಗಿಚ್ಚು, ಒತ್ತುವರಿ, ಆನೆ ತುಳಿದ ಬೆಳೆಗೆ ಪರಿಹಾರ, ಹೈಕೋರ್ಟಿಗೆ ಪ್ರಮಾಣಪತ್ರ, ಸಿಬ್ಬಂದಿಯ ವರ್ಗಾವಣೆ. ಇವುಗಳ ನಡುವೆ ಹಕ್ಕಿಗೆ ಸಮಯ ಕೊಟ್ಟವರು ನಮ್ಮಲ್ಲಿದ್ದಾರೆ. ಕರ್ನಾಟಕದ ಅರಣ್ಯಾಧಿಕಾರಿಯಾಗಿದ್ದ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ಹೊರಜಗತ್ತಿಗೆ ತೋರಿಸಿದರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಹಳ್ಳಿಯ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುವ ಊರು ಅದು. ಮುಂದೆ ಬೆಂಗಳೂರಿನ ರಸ್ತೆ ಬದಿಗಳಲ್ಲಿ ಲಕ್ಷಗಟ್ಟಲೆ ಮರ ಬೆಳೆಸಿದವರೂ ಅವರೇ. ಆದರೆ ಅದು ನೇಗಿನಹಾಳರ ಹಟ. ಹುದ್ದೆ ಅದನ್ನು ಅವರಿಂದ ಕೇಳಿರಲಿಲ್ಲ.

ಸಂಶೋಧಕನಿಂದ ಕೇಳುವುದೇ ಅದನ್ನು. ಒಂದು ಪ್ರಶ್ನೆ ಹಿಡಿದು, ಅದಕ್ಕೆ ತಕ್ಕ ರೀತಿಯಲ್ಲಿ ವರ್ಷಗಟ್ಟಲೆ ನೋಡಿ, ಬರೆದಿಟ್ಟು, ಬೇರೆಯವರು ಬಂದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಹಾಗೆ ಪ್ರಕಟಿಸುವುದು. ಇದು ಬೇರೆಯೇ ವೃತ್ತಿ. ಈ ವೃತ್ತಿಯ ಮೊದಲ ಪಾಠಕ್ಕೆ ನಾಗರಹೊಳೆಗೋ ಅರುಣಾಚಲಕ್ಕೋ ಹೋಗಬೇಕಿಲ್ಲ. ಕರೋಲ್ ಬಾಗ್‌ನ ಯಾವುದೇ ಮನೆಯ ಮಾಳಿಗೆ ಹತ್ತಿದರೆ ಸಾಕು. ಸಂಜೆ ನಾಲ್ಕರ ಬಿಸಿಲಲ್ಲಿ ಗಫಾರ್ ಮಾರ್ಕೆಟ್‌ನ ಮೇಲೆ ಹದ್ದುಗಳು ಸುತ್ತುತ್ತಿರುತ್ತವೆ. ಕಂದು ಮೈ, ಕವಲೊಡೆದ ಬಾಲ. ನಮ್ಮೂರುಗಳಲ್ಲಿ ಮೀನು ಮಾರುಕಟ್ಟೆಯ ಮೇಲೆ ಹಾರುವ ಅದೇ ಹದ್ದು. ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ 1832ರಲ್ಲಿ ದಖ್ಖನ್ನಿನ ಹಕ್ಕಿಗಳನ್ನು ವಿವರಿಸುವಾಗ ಈ ಉಪಜಾತಿಗೆ ಗೋವಿಂದನ ಹೆಸರನ್ನೇ ಇಟ್ಟ.

ಇವುಗಳನ್ನು ಎಣಿಸಿ ಎಂದರೆ ಹೇಗೆ ಎಣಿಸುತ್ತೀರಿ? ಮಾಳಿಗೆಯ ಮೇಲೆ ನಿಂತು ಆಕಾಶದಲ್ಲಿ ಕಂಡದ್ದನ್ನೆಲ್ಲ ಲೆಕ್ಕ ಹಾಕಿದರೆ ಅದೇ ಹಕ್ಕಿ ಸುತ್ತಿ ಬಂದು ಮೂರು ಸಲ ಲೆಕ್ಕಕ್ಕೆ ಸೇರುತ್ತದೆ. ಚಳಿಗಾಲದಲ್ಲಿ ಇನ್ನೊಂದು ತೊಡಕು. ಮಧ್ಯ ಏಷ್ಯಾ ಮತ್ತು ಸೈಬೀರಿಯಾದ ಕಡೆಯಿಂದ ಇದೇ ಹದ್ದಿನ ಇನ್ನೊಂದು ಉಪಜಾತಿ ವಲಸೆ ಬಂದು ದೆಹಲಿಯ ಹದ್ದುಗಳಲ್ಲಿ ಬೆರೆತುಹೋಗುತ್ತದೆ. ಡಿಸೆಂಬರ್‌ನಲ್ಲಿ ಎಣಿಸಿ “ಹದ್ದು ಹೆಚ್ಚಾಗಿದೆ” ಎಂದು ಬರೆದರೆ ಅದು ಸುಳ್ಳಾಗಬಹುದು. ಹಾಗಾಗಿ ತಿಳಿದವರು ಹಾರುವ ಹಕ್ಕಿಯನ್ನು ಬಿಟ್ಟು ಗೂಡನ್ನು ಎಣಿಸುತ್ತಾರೆ. ಗೂಡು ಕದಲುವುದಿಲ್ಲ. ಗೂಡೊಂದಕ್ಕೆ ಒಂದು ಜೋಡಿ ಎಂದು ಖಚಿತವಾಗಿ ಹೇಳಬಹುದು. ಮೊಟ್ಟೆಗೆ ಕುಳಿತದ್ದು ಯಾವಾಗ, ಮರಿ ಎಷ್ಟು ಹಾರಿಹೋದವು ಎಂಬುದೂ ಸಿಗುತ್ತದೆ.

ಹೀಗೆ ಎಣಿಸಿದ್ದರಿಂದ ಏನು ತಿಳಿಯಿತು ಎಂಬುದಕ್ಕೆ ದೆಹಲಿಯಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. 1960ರ ದಶಕದ ಕೊನೆಯಲ್ಲಿ ವಿ.ಎಂ. ಗಾಲುಶಿನ್ ಎಂಬ ಸೋವಿಯತ್ ಪಕ್ಷಿತಜ್ಞ ದೆಹಲಿ ನಗರದ ಸುಮಾರು 150 ಚದರ ಕಿಲೋಮೀಟರ್ ಪ್ರದೇಶದಲ್ಲಿ ಬೇಟೆ ಹಕ್ಕಿಗಳ ಗೂಡುಗಳನ್ನು ಲೆಕ್ಕ ಹಾಕಿದರು. 1971ರಲ್ಲಿ ‘ಐಬಿಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಅಂದಾಜಿಸಿದ್ದು ಸುಮಾರು 2,900 ಜೋಡಿಗಳು. ಜಗತ್ತಿನ ಯಾವ ನಗರದಲ್ಲೂ ಅಷ್ಟು ದಟ್ಟವಾಗಿ ಬೇಟೆ ಹಕ್ಕಿಗಳಿದ್ದ ದಾಖಲೆ ಆಗ ಇರಲಿಲ್ಲ. ಅವುಗಳಲ್ಲಿ ಸುಮಾರು 2,400 ಜೋಡಿ ಹದ್ದುಗಳು, ಸುಮಾರು 400 ಜೋಡಿ ಬಿಳಿಬೆನ್ನಿನ ರಣಹದ್ದುಗಳು. ರಾಜಧಾನಿಯ ರಸ್ತೆಬದಿಯ ಮರಗಳಲ್ಲಿ ನಾನೂರು ರಣಹದ್ದು ಸಂಸಾರಗಳು!

ಇವತ್ತು ದೆಹಲಿಯಲ್ಲಿ ಬಿಳಿಬೆನ್ನಿನ ರಣಹದ್ದಿನ ಗೂಡು ಒಂದೂ ಇಲ್ಲ.

ಆ ಕಣ್ಮರೆಯ ಕತೆ ಈಗ ಶಾಲಾ ಪುಸ್ತಕಗಳಿಗೂ ಬಂದಿದೆ. ಅದರಲ್ಲಿ ಎಣಿಕೆಯ ಪಾತ್ರ ಏನಿತ್ತು ಎಂಬುದು ಮಾತ್ರ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ 1980ರ ದಶಕದಲ್ಲಿ ಭರತ್‌ಪುರದ ಕೇವಲಾದೇವ್‌ನಲ್ಲಿ ಬೇಟೆ ಹಕ್ಕಿಗಳ ಮೇಲೆ ಕೆಲಸ ಮಾಡುತ್ತಿದ್ದಾಗ ರಣಹದ್ದು ತೀರಾ ಸಾಮಾನ್ಯ ಹಕ್ಕಿ. ಉದ್ಯಾನದಲ್ಲಿ ಮುನ್ನೂರಕ್ಕೂ ಹೆಚ್ಚು ಗೂಡುಗಳಿದ್ದವು. ಅಂಥ ಹಕ್ಕಿಯನ್ನು ಯಾರಾದರೂ ಏಕೆ ಎಣಿಸಬೇಕು? ಅವರು ಎಣಿಸಿ ಇಟ್ಟಿದ್ದರು. 1990ರ ದಶಕದ ಕೊನೆಯಲ್ಲಿ ಮತ್ತೆ ಅದೇ ಮರಗಳ ಕೆಳಗೆ ನಿಂತಾಗ ಗೂಡುಗಳು ಖಾಲಿಯಾಗುತ್ತಿದ್ದವು, ಕುತ್ತಿಗೆ ಜೋತುಬಿದ್ದ ಹಕ್ಕಿಗಳು ಕೊಂಬೆಗಳ ಮೇಲೆ ಕುಳಿತಿದ್ದವು. ಮೊದಲಿನ ಲೆಕ್ಕ ಕೈಯಲ್ಲಿದ್ದುದರಿಂದಲೇ ಇದು ಒಂದೆರಡು ಕೆಟ್ಟ ವರ್ಷಗಳ ಮಾತಲ್ಲ, ಕುಸಿತ ಎಂದು ಅವರು 1999ರಲ್ಲಿ ಜಗತ್ತಿಗೆ ಹೇಳಲು ಸಾಧ್ಯವಾಯಿತು. ಕಾರಣ ಹುಡುಕುವ ಕೆಲಸ ಶುರುವಾದದ್ದು ಆಮೇಲೆ. 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದ ಸತ್ತ ರಣಹದ್ದುಗಳನ್ನು ಪರೀಕ್ಷಿಸಿ, ದನಗಳ ನೋವಿಗೆ ಕೊಡುವ ಡೈಕ್ಲೋಫೆನ್ಯಾಕ್ ಔಷಧಿ ಹೆಣ ತಿಂದ ಹಕ್ಕಿಗಳ ಮೂತ್ರಪಿಂಡವನ್ನು ಹಾಳುಮಾಡುತ್ತಿದೆ ಎಂದು ತೋರಿಸಿದರು. 2006ರಲ್ಲಿ ಭಾರತ ಪಶುವೈದ್ಯಕೀಯದಲ್ಲಿ ಅದನ್ನು ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನ್ಯಾಕ್ ಕೂಡ ಆ ಪಟ್ಟಿಗೆ ಸೇರಿದವು. ಅಷ್ಟರಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಬಿಳಿಬೆನ್ನಿನ ರಣಹದ್ದುಗಳು ಹೋಗಿಬಿಟ್ಟಿದ್ದವು. ಹರಿಯಾಣದ ಪಿಂಜೋರ್‌ನಲ್ಲಿ ಅವುಗಳನ್ನು ಸಾಕಿ ಮರಿ ಮಾಡಿಸುವ ಕೇಂದ್ರ, ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಲ್ಲಿ ಘೋಷಣೆಯಾದ ರಣಹದ್ದು ಧಾಮ, ಇವೆಲ್ಲ ಉಳಿದ ಕೆಲವನ್ನು ಕಾಪಾಡಿಕೊಳ್ಳುವ ಪ್ರಯತ್ನಗಳು. ಸಂರಕ್ಷಣೆ ಎಂದರೆ ಘೋಷಣೆ, ಪೋಸ್ಟರ್, ಮೆರವಣಿಗೆ ಎಂದುಕೊಂಡವರಿಗೆ ನಾನು ಭರತ್‌ಪುರದ ಆ ಗೂಡು ಲೆಕ್ಕದ ಪುಸ್ತಕವನ್ನು ನೆನಪಿಸುತ್ತೇನೆ.

ರಣಹದ್ದು ಹೋಯಿತು, ಹದ್ದು ಉಳಿಯಿತು. ಏಕೆ ಉಳಿಯಿತು ಎಂಬುದು ಮುಂದಿನ ಪ್ರಶ್ನೆ. ಭಾರತೀಯ ವನ್ಯಜೀವಿ ಸಂಸ್ಥೆಯ ಜತೆ ಕೆಲಸ ಆರಂಭಿಸಿ ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಮಾಡಿದ ನಿಶಾಂತ್ ಕುಮಾರ್ ಮತ್ತು ಅವರ ತಂಡ ಹತ್ತು ವರ್ಷಕ್ಕೂ ಹಿಂದೆ ದೆಹಲಿಯ ಹದ್ದುಗೂಡುಗಳ ಹಿಂದೆ ಬಿದ್ದರು. 2014ರಲ್ಲಿ ಪ್ರಕಟವಾದ ಅವರ ಮೊದಲ ಲೇಖನದ ಪ್ರಕಾರ ಚದರ ಕಿಲೋಮೀಟರಿಗೆ ಸರಾಸರಿ 15ರಷ್ಟು ಗೂಡು. ಗಾಲುಶಿನ್ ಕಾಲದಲ್ಲಿ ಸುಮಾರು 16 ಇತ್ತು. ನಡುವಿನ ನಾಲ್ಕೈದು ದಶಕಗಳಲ್ಲಿ ನಗರ ಗುರುತು ಸಿಗದಷ್ಟು ಬೆಳೆದಿದೆ, ಆದರೂ ಲೆಕ್ಕ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಹಾಗೆಂದು ಗೂಡುಗಳು ಎಲ್ಲೆಡೆ ಒಂದೇ ಸಮ ಹರಡಿಲ್ಲ. ಬೀದಿಯಲ್ಲಿ ಕಸ ಬೀಳುವ ಕಡೆ, ಮುಸ್ಲಿಂ ಮೊಹಲ್ಲಾಗಳಲ್ಲಿ ಸದಕಾ (ದಾನ) ಎಂದು ಮಾಂಸದ ತುಣುಕುಗಳನ್ನು ಹದ್ದಿಗೆ ತೂರುವ ಕಡೆ, ಹತ್ತಿರದಲ್ಲಿ ಒಳ್ಳೆಯ ಮರಗಳಿರುವ ಕಡೆ ಅವು ಒತ್ತಾಗಿರುತ್ತವೆ. ಜನರ ಊಟ, ನಂಬಿಕೆ, ನಗರಪಾಲಿಕೆಯ ಕಸದ ಗಾಡಿ, ಈ ಮೂರನ್ನೂ ಅರಿಯದೆ ದೆಹಲಿಯ ಹದ್ದನ್ನು ಅರಿಯಲಾಗದು ಎಂಬುದು ಆ ಕೆಲಸದಿಂದ ಹೊರಬಂದ ಮಾತು. ಪರಿಸರ ವಿಜ್ಞಾನವೆಂದರೆ ಮನುಷ್ಯರಿಲ್ಲದ ಕಾಡಿನ ವಿಜ್ಞಾನ ಎಂಬ ಕಲ್ಪನೆಯಿದ್ದವರು ಇದನ್ನು ಎರಡು ಸಲ ಓದಬೇಕು.

ವಲಸೆ ಬರುವ ಹದ್ದುಗಳಿಗೆ ಇದೇ ತಂಡ ಜಿಪಿಎಸ್ ಕಟ್ಟಿತು. ಆ ಹಕ್ಕಿಗಳು ಬೇಸಗೆಗೆ ಮೊದಲು ದೆಹಲಿ ಬಿಟ್ಟು, ಕಾರಾಕೋರಂನ ಕೆ-2 ಶಿಖರದ ಆಸುಪಾಸಿನಲ್ಲಿ ಆರು ಸಾವಿರ ಮೀಟರಿಗೂ ಎತ್ತರದಲ್ಲಿ ಹಿಮಾಲಯ ದಾಟಿ, ಮೂರು ಸಾವಿರ ಕಿಲೋಮೀಟರಿಗೂ ದೂರದ ತವರಿಗೆ ಹೋಗುವುದು 2020ರ ಅಧ್ಯಯನದಲ್ಲಿ ಬಯಲಾಯಿತು. ಗಾಜಿಪುರದ ಕಸದ ಗುಡ್ಡದ ಮೇಲೆ ಚಳಿಗಾಲ ಕಳೆಯುವ ಹಕ್ಕಿ ಅದು.

ಹದ್ದಿನ ಗೂಡನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಹೊರಸುತ್ತು ಒಣ ಕಡ್ಡಿ, ತುಂಡು ವೈರು, ಬೇಲಿ ತಂತಿ. ಒಳಗೆ ಹಾಸಿಗೆಯ ಹಾಗೆ ಚಿಂದಿ ಬಟ್ಟೆ, ಹತ್ತಿ, ಬಣ್ಣ ಮಾಸಿದ ಪ್ಲಾಸ್ಟಿಕ್, ಯಾವುದೋ ಸೀರೆಯ ಅಂಚು. ಮರದ ಬುಡದಲ್ಲಿ ಬಿಳಿ ಹಿಕ್ಕೆಯ ಗೆರೆಗಳು, ಮೂಳೆ ಚೂರು, ಪಾರಿವಾಳದ ಗರಿ, ಹಕ್ಕಿ ಕಕ್ಕಿದ ಬೆರಳುದ್ದದ ಉಂಡೆ. ಆ ಉಂಡೆಯನ್ನು ನೀರಲ್ಲಿ ನೆನೆಸಿ ಬಿಡಿಸಿದರೆ ಇಲಿಯ ಕೂದಲು, ಹಲ್ಲು ಸಿಗುತ್ತವೆ. ಮರ ಹತ್ತದೆಯೇ, ಮರಿಗಳನ್ನು ಕೆಣಕದೆಯೇ ಇಷ್ಟು ತಿಳಿಯುತ್ತದೆ. ಮರಿಯಿರುವಾಗ ತಾಯಿ ಹದ್ದು ತಲೆಗೆ ಎರಗುತ್ತದೆ ಎಂಬುದನ್ನೂ ನೆನಪಿಡಿ. ಮನುಷ್ಯರಿಂದ ಹೆಚ್ಚು ಆಹಾರ ಸಿಗುವ ಜಾಗಗಳಲ್ಲಿ ಹದ್ದುಗಳು ಮನುಷ್ಯರ ಮೇಲೆಯೇ ಹೆಚ್ಚು ಧೈರ್ಯವಾಗಿ ಎರಗುತ್ತವೆ ಎಂದೂ ನಿಶಾಂತ್ ಕುಮಾರ್ ತಂಡ ಅಳೆದು ತೋರಿಸಿದೆ.

ಕರೋಲ್ ಬಾಗ್‌ನ ಪೂರ್ವದಲ್ಲಿ ರಸ್ತೆ ದಾಟಿದರೆ ಅರಾವಳಿಯ ಬಾಲ ಶುರು. ಸೆಂಟ್ರಲ್ ರಿಡ್ಜ್ ಎಂದು ಕರೆಯುವ ಈ ಕಾಡು 864 ಹೆಕ್ಟೇರ್. ತುಘಲಕ್ ಕಾಲದ ಬೇಟೆ ಮನೆ ಭೂಲಿ ಭಟಿಯಾರಿ ಕಾ ಮಹಲ್ ಇದರ ಅಂಚಿನಲ್ಲೇ ಇದೆ. ಕಾಡನ್ನು ಆವರಿಸಿರುವುದು ಬಳ್ಳಾರಿ ಜಾಲಿ. ನಮ್ಮ ಉತ್ತರ ಕರ್ನಾಟಕದ ಬಯಲುಗಳನ್ನು ನುಂಗಿದ ಅದೇ ಮೆಕ್ಸಿಕೋ ಮೂಲದ ಮರ. ಅದನ್ನು ತೆಗೆದು ಅರಾವಳಿಯ ಸ್ಥಳೀಯ ಮರಗಳನ್ನು ತರುವ ಕೆಲಸಕ್ಕೆ ದೆಹಲಿಯ ಅರಣ್ಯ ಇಲಾಖೆ ಕೈಹಾಕಿದೆ. ಜಾಲಿ ಹೋದ ಕಡೆ ಯಾವ ಹಕ್ಕಿ ಹೆಚ್ಚುತ್ತದೆ, ಯಾವುದು ಕಡಿಮೆಯಾಗುತ್ತದೆ? ಪೊದೆಯನ್ನೇ ನಂಬಿದ ಹಕ್ಕಿಗಳು ನಡುವಿನ ಐದು ವರ್ಷ ಎಲ್ಲಿಗೆ ಹೋಗುತ್ತವೆ? ಒಂದು ಪಿಎಚ್.ಡಿ.ಗೆ ಸಾಕಾಗುವ ಪ್ರಶ್ನೆ ಮೆಟ್ರೋ ನಿಲ್ದಾಣದಿಂದ ನಡೆದುಹೋಗುವಷ್ಟು ದೂರದಲ್ಲಿದೆ. (ರಿಡ್ಜ್‌ಗೆ ಒಂಟಿಯಾಗಿ ಹೋಗಬೇಡಿ, ಕತ್ತಲಾದ ಮೇಲಂತೂ ಬೇಡವೇ ಬೇಡ.)

ಆ ಪೊದೆಗಳಲ್ಲಿ ಕಾಣುವ ಹರಟೆಮಲ್ಲಗಳ ಗುಂಪನ್ನು ಒಮ್ಮೆ ನಿಂತು ನೋಡಿ. ಆರೇಳು ಬೂದು ಹಕ್ಕಿಗಳು ತರಗೆಲೆ ಮಗುಚುತ್ತ, ಒಂದಕ್ಕೊಂದು ಬೈಯುತ್ತ ಸಾಗುತ್ತವೆ. ಒಂದು ಮಾತ್ರ ಮೇಲಿನ ಕೊಂಬೆಯಲ್ಲಿ ಕುಳಿತು ಕಾವಲು ಕಾಯುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಅದರ ಜಾಗಕ್ಕೆ ಬರುತ್ತದೆ. ಗುಂಪಿನಲ್ಲಿ ಗೂಡು ಕಟ್ಟುವುದು ಸಾಮಾನ್ಯವಾಗಿ ಒಂದು ಜೋಡಿ. ಉಳಿದವು ಆ ಜೋಡಿಯ ಮರಿಗಳಿಗೆ ಹುಳು ತಂದು ತಿನ್ನಿಸುತ್ತವೆ. ತನ್ನ ಮರಿ ಬಿಟ್ಟು ಇನ್ನೊಬ್ಬರ ಮರಿಗೆ ಏಕೆ ದುಡಿಯಬೇಕು? 1964ರಲ್ಲಿ ಹ್ಯಾಮಿಲ್ಟನ್ ಎಂಬ ಜೀವವಿಜ್ಞಾನಿ ರಕ್ತಸಂಬಂಧದ ಲೆಕ್ಕಾಚಾರ ಮುಂದಿಟ್ಟ ಮೇಲೆ ಇದು ಜೀವವಿಜ್ಞಾನದ ದೊಡ್ಡ ಪ್ರಶ್ನೆಗಳಲ್ಲಿ ಒಂದಾಯಿತು. ಎ.ಜೆ. ಗ್ಯಾಸ್ಟನ್ ಎಂಬ ಯುವಕ 1970ರ ದಶಕದಲ್ಲಿ ತನ್ನ ಸಂಶೋಧನೆಗೆ ಆರಿಸಿಕೊಂಡದ್ದು ದೆಹಲಿಯ ಈ ಹರಟೆಮಲ್ಲಗಳನ್ನು. ಗುಂಪಿನೊಳಗಿನ ನಡವಳಿಕೆ, ಹುಟ್ಟು ಸಾವಿನ ಲೆಕ್ಕ, ಇವುಗಳ ಮೇಲೆ ಅವರು ಬರೆದ ಲೇಖನಗಳನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಅದೇ ಗ್ಯಾಸ್ಟನ್ 1980ರ ಸುಮಾರಿಗೆ ಸಂಗಡಿಗರೊಂದಿಗೆ ಹಿಮಾಚಲದ ಕುಲ್ಲು ಕಡೆಯ ಕಾಡುಗಳಲ್ಲಿ ವನ್ಯಜೀವಿ ಸಮೀಕ್ಷೆ ನಡೆಸಿದರು. ಆ ಸಮೀಕ್ಷೆಯ ಬುನಾದಿಯ ಮೇಲೆ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ ರೂಪುಗೊಂಡಿತು, 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಬೀದಿಬದಿಯ ಹರಟೆಮಲ್ಲದಲ್ಲಿ ಕಲಿತ ಕ್ರಮ ಪರ್ವತದ ಅಪರೂಪದ ಹಕ್ಕಿಗಳಿಗೂ ನೆರವಾಯಿತು.

ಅಪರೂಪದ ಹಕ್ಕಿಯ ಬೆನ್ನು ಹತ್ತುವ ಆತುರ ನಮ್ಮ ಹುಡುಗರಲ್ಲಿ ಹೆಚ್ಚು. ಕ್ಯಾಮೆರಾ ಬಂದ ಮೇಲೆ ಇನ್ನೂ ಹೆಚ್ಚಾಗಿದೆ. ಸಿರುಗುಪ್ಪದ ಎರೆಭೂತವನ್ನು ಒಮ್ಮೆ ನೋಡಿ ಚಿತ್ರ ತೆಗೆದು ಬರುವುದು ಸಂತೋಷ, ಸಂಶೋಧನೆಯಲ್ಲ. ಬೆರಳೆಣಿಕೆಯಷ್ಟೇ ಉಳಿದಿರುವ ಹಕ್ಕಿಯಿಂದ ವಿದ್ಯಾರ್ಥಿಯೊಬ್ಬ ಅಂಕಿಸಂಖ್ಯೆಯ ಪಾಠ ಕಲಿಯಲಾರ. ದಿನಾ ಐವತ್ತು ಕಾಣುವ ಗೊರವಂಕ, ಹದ್ದು, ಗಿಳಿಯಿಂದ ಕಲಿಯಬಹುದು. ‘ಭಾರತದ ಹಕ್ಕಿಗಳ ಸ್ಥಿತಿಗತಿ’ ಎಂಬ 2023ರ ವರದಿಯನ್ನೇ ನೋಡಿ. ಮೂವತ್ತು ಸಾವಿರಕ್ಕೂ ಹೆಚ್ಚು ಹಕ್ಕಿ ವೀಕ್ಷಕರು ಇ-ಬರ್ಡ್ ಎಂಬ ಜಾಲತಾಣಕ್ಕೆ ಕೊಟ್ಟ ದಾಖಲೆಗಳಿಂದ 942 ಪ್ರಭೇದಗಳನ್ನು ಪರಿಶೀಲಿಸಿದರು. ದೀರ್ಘಕಾಲದ ಏರಿಳಿತ ಹೇಳುವಷ್ಟು ಮಾಹಿತಿ ಒದಗಿದ್ದು 338ಕ್ಕೆ. ಅವುಗಳಲ್ಲಿ ನೂರಕ್ಕೆ ಅರವತ್ತು ಇಳಿಮುಖ. ಉಳಿದ ಆರುನೂರರ ಗತಿ ಹೇಳುವಷ್ಟು ದಾಖಲೆಯೇ ಇಲ್ಲ.

ಇನ್ನು ಓದು ಮತ್ತು ಹೊಟ್ಟೆಪಾಡಿನ ಮಾತು. ಅಪ್ಪ ಅಮ್ಮ ಕೇಳುವುದು ಇದನ್ನೇ, ಕೇಳಬೇಕಾದದ್ದೇ.

ಸಲೀಂ ಅಲಿಯವರ ಕಾಲ ಬೇರೆ. ಪದವಿಯಿಲ್ಲವೆಂದು ಜೂಲಾಜಿಕಲ್ ಸರ್ವೇಯ ಕೆಲಸ ಅವರಿಗೆ ಸಿಗಲಿಲ್ಲ. ಬರ್ಲಿನ್‌ಗೆ ಹೋಗಿ ಎರ್ವಿನ್ ಸ್ಟ್ರೆಸೆಮಾನ್ ಬಳಿ ಕಲಿತು ಬಂದರು, ಕೆಲಸವಿಲ್ಲದ ದಿನಗಳಲ್ಲಿ ಕಿಹಿಮ್ ಎಂಬ ಕರಾವಳಿ ಹಳ್ಳಿಯಲ್ಲಿ ಕುಳಿತು ಗೀಜಗನ ಗೂಡು ನೋಡಿ ಹೆಸರಾದರು. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದೂ ಅವರೇ. ಆ ಸಮೀಕ್ಷೆಯ ಫಲವಾದ ‘ದಿ ಬರ್ಡ್ಸ್ ಆಫ್ ಮೈಸೂರ್’ ಲೇಖನಮಾಲೆ ನಮ್ಮ ಹಕ್ಕಿಗಳ ಬಗ್ಗೆ ಏನು ಬರೆಯಹೊರಟರೂ ಮೊದಲು ತೆಗೆದು ನೋಡಬೇಕಾದದ್ದು. ಆದರೆ ಸಲೀಂ ಅಲಿಯವರಿಗೂ ಪದವಿ ಇರಲಿಲ್ಲವಲ್ಲ ಎಂದು ಇಂದಿನವರು ಕೈಕಟ್ಟಿ ಕೂರುವಂತಿಲ್ಲ. ಇಂದು ಈ ಹಾದಿಯಲ್ಲಿ ಬಾಗಿಲುಗಳಿವೆ, ಅವುಗಳಿಗೆ ಬೀಗವೂ ಇದೆ.

ಸ್ನಾತಕೋತ್ತರ ಮಟ್ಟದಲ್ಲಿ ಎರಡು ಮುಖ್ಯ ಬಾಗಿಲು. ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯ ವನ್ಯಜೀವಿ ವಿಜ್ಞಾನದ ಎಂ.ಎಸ್ಸಿ. ಮತ್ತು 2004ರಿಂದ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ನಡೆಯುತ್ತಿರುವ ವನ್ಯಜೀವಿ ಜೀವಶಾಸ್ತ್ರ ಮತ್ತು ಸಂರಕ್ಷಣೆಯ ಎಂ.ಎಸ್ಸಿ. ತಂಡಗಳು ಚಿಕ್ಕವು, ಆಯ್ಕೆ ಬಿಗಿ. ಎನ್‌ಸಿಬಿಎಸ್‌ಗೆ ಎಂಜಿನಿಯರಿಂಗ್, ವೈದ್ಯಕೀಯ ಓದಿದವರೂ ಬಂದಿದ್ದಾರೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಭಾಗವಿದೆ. ಪಿಎಚ್.ಡಿ.ಗೆ ಮಾಧವ ಗಾಡ್ಗೀಳರು ಕಟ್ಟಿದ ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರ, ಬೆಂಗಳೂರಿನ ಏಟ್ರೀ, ಕೊಯಮತ್ತೂರಿನ ಸಲೀಂ ಅಲಿ ಕೇಂದ್ರ, ತಿರುಪತಿ ಮತ್ತು ಪುಣೆಯ ಐಸರ್‌ಗಳು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನಂಥ ಸಂಸ್ಥೆಗಳಲ್ಲಿ ಯೋಜನೆಗಳ ಮೇಲೆ ಕೆಲಸ ಸಿಗುತ್ತದೆ. ಸಿಎಸ್‌ಐಆರ್-ಯುಜಿಸಿ ನೆಟ್ ಪಾಸು ಮಾಡಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದರೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಗೇಟ್ ಪರೀಕ್ಷೆಯಲ್ಲಿ ಪರಿಸರ ಮತ್ತು ವಿಕಾಸವಾದಕ್ಕೇ ಒಂದು ಪ್ರತ್ಯೇಕ ಪತ್ರಿಕೆಯಿದೆ. ಕರೋಲ್ ಬಾಗ್‌ನ ಕೋಚಿಂಗ್ ಬೋರ್ಡುಗಳಲ್ಲಿ ಇದರ ಸುಳಿವು ನನಗೆ ಕಂಡಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕಹಿಯನ್ನೂ ಹೇಳಲೇಬೇಕು. ಖಾಯಂ ಹುದ್ದೆಗಳು ಬಹಳ ಕಡಿಮೆ. ಪಿಎಚ್.ಡಿ. ಮುಗಿಸಿದ ಮೇಲೂ ಎರಡೆರಡು ವರ್ಷದ ಯೋಜನೆಗಳಲ್ಲಿ ಮೂವತ್ತೈದು ದಾಟುವವರು ಬಹಳ ಮಂದಿ. ಯೋಜನೆಯ ಹಣ ತಡವಾದರೆ ಸಂಬಳವೂ ತಡ. ಜಿಗಣೆ, ಮಲೇರಿಯಾ, ಆನೆ, ಸಿಗ್ನಲ್ ಸಿಗದ ಕ್ಯಾಂಪು, ಹೆಣ್ಣುಮಕ್ಕಳಿಗೆ ಇವೆಲ್ಲದರ ಜತೆ “ಕಾಡಲ್ಲಿ ಒಬ್ಬಳೇ ಏನು ಮಾಡ್ತೀಯಮ್ಮ” ಎಂಬ ಪ್ರಶ್ನೆ. ರಕ್ಷಿತ ಪ್ರದೇಶದಲ್ಲಿ ಕೆಲಸ ಮಾಡಲು, ಹಕ್ಕಿ ಹಿಡಿದು ಕಾಲಿಗೆ ಉಂಗುರ ತೊಡಿಸಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಆ ಕಡತ ತಿಂಗಳುಗಟ್ಟಲೆ ಕೂರುತ್ತದೆ, ಅಷ್ಟರಲ್ಲಿ ಗೂಡು ಕಟ್ಟುವ ಕಾಲವೇ ಮುಗಿದಿರುತ್ತದೆ. ಇಲ್ಲಿ ಅರಣ್ಯ ಸೇವೆಗೆ ಹೋಗುವ ನಮ್ಮ ಹುಡುಗರಿಗೆ ಒಂದು ಮನವಿ: ನಾಳೆ ಆ ಕಡತ ನಿಮ್ಮ ಮೇಜಿಗೆ ಬಂದಾಗ ಅದರ ಮೇಲಿನ ತಾರೀಖನ್ನು ನೋಡಿ, ಹಕ್ಕಿಯ ಋತುವನ್ನೂ ನೋಡಿ.

ಇದೇ ವೃತ್ತಿಯಾಗಬೇಕೆಂಬ ನಿಯಮವೂ ಇಲ್ಲ. ರಮಣ ಅತ್ರೇಯ ಖಗೋಳವಿಜ್ಞಾನಿ. ಅರುಣಾಚಲದ ಈಗಲ್‌ನೆಸ್ಟ್‌ನಲ್ಲಿ 1995ರಲ್ಲಿ ಕಂಡ ಹಕ್ಕಿಯೊಂದನ್ನು ಬಿಡದೆ ಹಿಂಬಾಲಿಸಿ, 2006ರಲ್ಲಿ ಬುಗುನ್ ಲಿಯೋಸಿಕ್ಲಾ ಎಂದು ಹೊಸ ಪ್ರಭೇದವಾಗಿ ವಿವರಿಸಿದರು. ಹಕ್ಕಿಯನ್ನು ಕೊಲ್ಲದೆ, ಗರಿ ಮತ್ತು ಚಿತ್ರಗಳ ಆಧಾರದ ಮೇಲೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಎಸ್. ಸುಬ್ರಹ್ಮಣ್ಯ ಮತ್ತವರ ಗೆಳೆಯರು ನಗರದ ಕೆರೆಗಳ ನೀರುಹಕ್ಕಿಗಳನ್ನು ಚಳಿಗಾಲಗಳಲ್ಲಿ ಎಣಿಸುತ್ತ ಬಂದರು. ಬೆಂಗಳೂರಿನ ಕೆರೆಗಳು ಏನನ್ನು ಕಳೆದುಕೊಂಡವು ಎಂದು ಇಂದು ನಾವು ಮಾತಾಡುವಾಗ ನೆಚ್ಚುವುದು ಅಂಥ ಎಣಿಕೆಗಳನ್ನೇ. ಕರೋಲ್ ಬಾಗ್‌ನ ಪಶ್ಚಿಮಕ್ಕಿರುವ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಧಾರವಾಡ, ಬೆಂಗಳೂರು, ರಾಯಚೂರಿನಿಂದ ಬಂದು ಎಂ.ಎಸ್ಸಿ., ಪಿಎಚ್.ಡಿ. ಓದುವ ಕನ್ನಡದ ವಿದ್ಯಾರ್ಥಿಗಳಿದ್ದಾರೆ. ಅವರ ಪ್ರಯೋಗದ ಗದ್ದೆಗಳಲ್ಲಿ ಬೆಳ್ಳಕ್ಕಿ, ಟಿಟ್ಟಿಭ, ನವಿಲು ದಿನಾ ಇಳಿಯುತ್ತವೆ. ಸಿಂಪಡಿಸಿದ ಕೀಟನಾಶಕದ ದಿನಾಂಕ ಪುಸ್ತಕದಲ್ಲಿರುತ್ತದೆ, ಅಂದು ಇಳಿದ ಹಕ್ಕಿಯ ಲೆಕ್ಕ ಇರುವುದಿಲ್ಲ. ಎರಡನ್ನೂ ಒಂದೇ ಪುಟದಲ್ಲಿ ಬರೆಯಲು ಹೆಚ್ಚೆಂದರೆ ಹತ್ತು ನಿಮಿಷ ಸಾಕು.

ಕರ್ನಾಟಕದ ವಿಶ್ವವಿದ್ಯಾಲಯಗಳ ಬಗ್ಗೆ ನನಗೆ ಬೇಸರವಿದೆ. ನಮ್ಮ ಪ್ರಾಣಿಶಾಸ್ತ್ರ ವಿಭಾಗಗಳ ಬಹುಪಾಲು ವಿದ್ಯಾರ್ಥಿಗಳು ಬಾಟಲಿಯಲ್ಲಿಟ್ಟ ಮಾದರಿಗಳನ್ನು ನೋಡಿ ಹೊರಬರುತ್ತಾರೆ. ಅಂಕಿಸಂಖ್ಯೆ ಎಂದರೆ ಹೆದರುತ್ತಾರೆ. ಪಕ್ಷಿ ಪರಿಸರ ವಿಜ್ಞಾನದಲ್ಲಿ ಇಂದು ದುರ್ಬೀನಿನಷ್ಟೇ ಮುಖ್ಯ ‘ಆರ್’ ಎಂಬ ಗಣಕ ಭಾಷೆ. ನೂರು ಮರ ನೋಡಿದೆ, ಇಪ್ಪತ್ತರಲ್ಲಿ ಗೂಡು ಕಂಡೆ ಎಂದರೆ ಉಳಿದ ಎಂಬತ್ತರಲ್ಲಿ ಗೂಡಿಲ್ಲವೋ, ಎಲೆ ಮರೆಯಲ್ಲಿ ನನಗೆ ಕಾಣಲಿಲ್ಲವೋ? ಈ ಎರಡನ್ನು ಬೇರೆ ಮಾಡಲು ಅದೇ ಮರಗಳಿಗೆ ಮತ್ತೆ ಹೋಗಬೇಕು, ಸಾಧ್ಯವಾದರೆ ಬೇರೆಯವರನ್ನೂ ಕಳಿಸಬೇಕು, ಆಮೇಲೆ ಎಷ್ಟು ತಪ್ಪಿಹೋಗುತ್ತಿದೆ ಎಂದು ಲೆಕ್ಕ ಕಟ್ಟಬೇಕು. ಎಂಜಿನಿಯರಿಂಗ್ ಓದಿ, ಬೇಸಾಯ ಮಾಡಿ, ಆಮೇಲೆ ವನ್ಯಜೀವಿ ವಿಜ್ಞಾನಕ್ಕೆ ಬಂದ ಉಲ್ಲಾಸ ಕಾರಂತರು ಹುಲಿ ಎಣಿಕೆಯಲ್ಲಿ ದಶಕಗಳ ಕಾಲ ಹಟ ಹಿಡಿದದ್ದು ಈ ಅಂಶಕ್ಕಾಗಿಯೇ. ಹುಲಿಗೆ ಸಲ್ಲುವ ಲೆಕ್ಕ ಹರಟೆಮಲ್ಲಕ್ಕೂ ಸಲ್ಲುತ್ತದೆ.

ದೆಹಲಿಯಲ್ಲಿ ಒಂದು ದೊಡ್ಡ ಬದಲಾವಣೆ ಹತ್ತಿರವಾಗುತ್ತಿದೆ. ಗಾಜಿಪುರ, ಭಲಸ್ವಾ, ಓಖ್ಲಾದ ಕಸದ ಗುಡ್ಡಗಳನ್ನು ಕರಗಿಸುವ ಕೆಲಸ ನಡೆಯುತ್ತಿದೆ. ಬೀದಿಯ ತೆರೆದ ಕಸದ ಕೊಟ್ಟಿಗಳನ್ನು ಮುಚ್ಚುವ ಯೋಜನೆಗಳಿವೆ. ನಗರಕ್ಕೆ ಇದು ಬೇಕೇಬೇಕು, ಅಲ್ಲಿನ ಜನರ ಆರೋಗ್ಯಕ್ಕೆ ಬೇಕು. ಆದರೆ ಅರ್ಧ ಶತಮಾನ ಕದಲದೆ ನಿಂತಿರುವ ಹದ್ದಿನ ಲೆಕ್ಕ ಆಗ ಏನಾಗುತ್ತದೆ? ಗೂಡು ಕಡಿಮೆಯಾಗುತ್ತವೋ, ಗೂಡು ಅಷ್ಟೇ ಇದ್ದು ಮರಿಗಳು ಕಡಿಮೆಯಾಗುತ್ತವೋ, ಹಕ್ಕಿಗಳು ಪಾರಿವಾಳ, ಇಲಿಗಳ ಕಡೆ ತಿರುಗುತ್ತವೋ, ಹಿಮಾಲಯ ದಾಟಿ ಬರುವವು ಬೇರೆ ಊರು ನೋಡಿಕೊಳ್ಳುತ್ತವೋ? ಕಸ ಹೋದ ಮೇಲೆ ಎಣಿಸಲು ಶುರುಮಾಡಿದರೆ ಉತ್ತರ ಸಿಗುವುದಿಲ್ಲ. ಬದಲಾವಣೆಗೆ ಮುಂಚಿನ ಲೆಕ್ಕ ಮೊಹಲ್ಲಾ ಮೊಹಲ್ಲಾಗೂ ಬೇಕು, ಅದಕ್ಕೆ ಉಳಿದಿರುವುದು ಕೆಲವೇ ಋತುಗಳು.

ದೆಹಲಿಯ ಹದ್ದುಗಳು ಚಳಿಗಾಲದ ಕೊನೆಗೆ, ಮರಗಳು ಬೋಳಾಗಿರುವಾಗ, ಗೂಡು ಹಿಡಿಯುತ್ತವೆ. ಎರಡು ಮೂರು ಮೊಟ್ಟೆ, ತಿಂಗಳ ಕಾವು. ಬೇಸಗೆಯ ಹೊತ್ತಿಗೆ ಮರಿಗಳು ರೆಕ್ಕೆ ಬಡಿಯುತ್ತಿರುತ್ತವೆ. ಪ್ರಿಲಿಮ್ಸ್ ಪರೀಕ್ಷೆಯೂ ಅದೇ ಬೇಸಗೆಯಲ್ಲಿ. ಓದು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬೆಳಿಗ್ಗೆ ಚಹಾಕ್ಕೆ ಇಳಿಯುವಾಗ ನಿಮ್ಮ ಗಲ್ಲಿಯಿಂದ ಲೈಬ್ರರಿಯವರೆಗಿನ ಮರಗಳಿಗೆ ಒಂದೊಂದು ನಂಬರು ಕೊಡಿ. ಪ್ರತಿ ವಾರ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ನಡೆಯಿರಿ. ಗೂಡಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ನೋಡಲಾಗದಿದ್ದರೆ ನೋಡಲಾಗಲಿಲ್ಲ ಎಂದು ಮೂರೂ ಬರೆಯಿರಿ. ಕೆಳಗೆ ಕಸದ ಕೊಟ್ಟಿ ಇದೆಯೇ, ಮಾಂಸದ ಅಂಗಡಿ ಎಷ್ಟು ದೂರ, ಮರ ಯಾವುದು, ಇವೂ ಇರಲಿ. ನಿಮ್ಮ ಅಟೆಂಪ್ಟುಗಳು ಮುಗಿದು ಊರಿಗೆ ಹೊರಡುವಾಗ ಆ ಪುಸ್ತಕವನ್ನು ಅದೇ ಪಿ.ಜಿ.ಗೆ ಬರುವ ಮುಂದಿನ ಹುಡುಗನಿಗೋ ಹುಡುಗಿಗೋ ಕೊಟ್ಟು, ಮರಗಳ ನಂಬರುಗಳನ್ನು ಒಮ್ಮೆ ಜತೆಯಲ್ಲಿ ನಡೆದು ತೋರಿಸಿ.